ಮನೆಗೆ ಡಕ್ಟ್ ಎಸಿ: ಗಾಳಿಯ ದಾರಿ ಹಾಕುವ ಕ್ರಮ, ಅಳತೆಯಿಂದ ಕೊನೆಯ ಪರೀಕ್ಷೆಯವರೆಗೆ

ಕಲಬುರಗಿಯ ಒಂದು ಮನೆಗೆ ಏಪ್ರಿಲ್‌ನಲ್ಲಿ ಡಕ್ಟ್ ಎಸಿ ಹಾಕಿಕೊಟ್ಟಿದ್ದೆ. ಸೀಲಿಂಗ್ ಮೇಲೆ ಮಷೀನ್ ಅಡಗಿಸಿಟ್ಟು, ಅದರ ತಣ್ಣನೆಯ ಗಾಳಿಯನ್ನು ತಗಡಿನ ಕೊಳವೆಗಳ, ಅಂದರೆ ಡಕ್ಟಿನ ಮೂಲಕ ರೂಮುಗಳಿಗೆ ಹಂಚುವ ಎಸಿ ಇದು. ಹೊರಗೆ 42 ಡಿಗ್ರಿ ಬಿಸಿಲಿದ್ದರೂ ಒಳಗೆ ತಂಪಾಗಿತ್ತು, ಮನೆಯವರಿಗೆ ಸಮಾಧಾನವಾಗಿತ್ತು. ಜುಲೈನಲ್ಲಿ ಅದೇ ಮನೆಯಿಂದ ಫೋನ್ ಬಂತು. "ಸರ, ಛತ್ತಿನಿಂದ ನೀರು ಬೀಳ್ಲತ್ತಾವ್ರಿ, ಜರಾ ಬಂದು ನೋಡ್ರಿ." ಹೋಗಿ ನೋಡಿದೆ. ಹೊಸ ಜಿಪ್ಸಮ್ ಸೀಲಿಂಗ್ ಮೇಲೆ ಚಹಾ ಚೆಲ್ಲಿದ ಬಣ್ಣದ ಕಲೆ, ಅದರ ನಡುವಿನಿಂದ ತೊಟ್ಟಿಕ್ಕುವ ಹನಿ. ಡ್ರೈನ್ ಪೈಪ್ ಸರಿಯಾಗಿತ್ತು, ಗ್ಯಾಸ್ ಪೈಪೂ ಸರಿಯಾಗಿತ್ತು. ಡಕ್ಟಿನಿಂದ ಗ್ರಿಲ್‌ಗೆ ಇಳಿಯುವ ಕಾಲರ್ ಇತ್ತಲ್ಲ, ಆ ಆರು ಇಂಚಿನ ತಗಡಿಗೆ ನಾನು ಇನ್ಸುಲೇಷನ್, ಅಂದರೆ ತಂಪು ತಡೆಯುವ ಹೊದಿಕೆ, ಸುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಯಾಕೆ ಸೋರಲಿಲ್ಲ? ಆಗ ನಮ್ಮ ಗಾಳಿ ಒಣಗಿದ ಗಾಳಿ. 42 ಡಿಗ್ರಿಯಲ್ಲಿ ತೇವಾಂಶ ಶೇ. 15ರಷ್ಟಿದ್ದರೆ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆ, ಸುಮಾರು 10 ಡಿಗ್ರಿ. ಡಕ್ಟಿನೊಳಗೆ ಓಡುವುದು 13-14 ಡಿಗ್ರಿಯ ಗಾಳಿ, ಆದ್ದರಿಂದ ತಗಡು ಬೆವರಲಿಲ್ಲ. ಮಳೆಗಾಲದಲ್ಲಿ 28 ಡಿಗ್ರಿ, ತೇವಾಂಶ ಶೇ. 75. ಇಬ್ಬನಿ ಬಿಂದು 23 ಡಿಗ್ರಿಗೆ ಏರಿತು. ತಣ್ಣನೆಯ ಲೋಟದ ಮೈಯಲ್ಲಿ ನೀರು ಕೂಡುವ ಹಾಗೆ ಕಾಲರಿನ ಮೈಯಲ್ಲಿ ಕೂಡಿತು. ಡಕ್ಟಿನ ತಪ್ಪುಗಳು ಹೀಗೆ ತಿಂಗಳುಗಟ್ಟಲೆ ಅಡಗಿ ಕೂತು, ಸೀಲಿಂಗ್ ಮುಚ್ಚಿ ಬಣ್ಣ ಬಳಿದ ಮೇಲೆ ಹೊರಗೆ ಬರುತ್ತವೆ. ಅದಕ್ಕೇ ಸೀಲಿಂಗ್ ಮುಚ್ಚುವ ಮೊದಲು ಏನೇನು ನೋಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಲಸವನ್ನು ಮೇಸ್ತ್ರಿಗೇ ವಹಿಸಿದರೂ, ಮನೆಯವರಿಗೆ ಇಷ್ಟು ಗೊತ್ತಿದ್ದರೆ ಕೇಳುವ ಪ್ರಶ್ನೆಗಳು ಬೇರೆಯಾಗುತ್ತವೆ.

ಮೊದಲು: ಇಡೀ ಮನೆಗೆ ಒಂದೇ ಮಷೀನ್ ಬೇಡ

ಐದೂವರೆ ಟನ್ನಿನ ಒಂದು ಮಷೀನ್ ತಂದು ಹಾಲ್, ಬೆಡ್‌ರೂಮ್ ಎಲ್ಲಕ್ಕೂ ಡಕ್ಟ್ ಎಳೆದುಬಿಡೋಣ ಎಂದು ಬಹಳ ಜನ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಹಗಲು ಹಾಲ್‌ನಲ್ಲಿ ಜನ, ರಾತ್ರಿ ಬೆಡ್‌ರೂಮಿನಲ್ಲಿ ಜನ. ಒಂದೇ ಥರ್ಮೋಸ್ಟಾಟ್ ಎರಡೂ ಕಡೆಯ ಮಾತು ಕೇಳಲಾರದು. ಹಗಲಿನ ಭಾಗಕ್ಕೆ ಒಂದು, ರಾತ್ರಿಯ ಭಾಗಕ್ಕೆ ಒಂದು ಎಂದು ಎರಡು ಸಣ್ಣ ಮಷೀನ್ ಇಟ್ಟರೆ ಡಕ್ಟೂ ಚಿಕ್ಕದಾಗುತ್ತದೆ, ಕರೆಂಟ್ ಬಿಲ್ಲೂ ಹಿಡಿತದಲ್ಲಿರುತ್ತದೆ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ.

ಉದಾಹರಣೆಗೆ 30-40 ಸೈಟಿನ ಒಂದು ಮನೆ ತೆಗೆದುಕೊಳ್ಳೋಣ. ನೆಲಮಾಳಿಗೆ ಇಲ್ಲ, ಮೇಲೆ ಇನ್ನೊಂದು ಅಂತಸ್ತು ಇದೆ. ರಾತ್ರಿಯ ಭಾಗದಲ್ಲಿ ಮೂರು ಬೆಡ್‌ರೂಮ್: 12 ಅಡಿಗೆ 14 ಅಡಿಯದು ಒಂದು, 11ಕ್ಕೆ 12ರದು ಒಂದು, 10ಕ್ಕೆ 12ರದು ಒಂದು. ಒಟ್ಟು 420 ಚದರಡಿ. ದೊಡ್ಡ ರೂಮಿಗೆ ಪಡುವಣ ಗೋಡೆ.

ಎಷ್ಟು ಟನ್, ಎಷ್ಟು ಗಾಳಿ

ಮೇಲೆ ಅಂತಸ್ತಿರುವ ಮನೆಗೆ 130ರಿಂದ 150 ಚದರಡಿಗೆ ಒಂದು ಟನ್, ತಲೆಯ ಮೇಲೆ ನೇರ ಬಿಸಿಲು ಬೀಳುವ ಸ್ಲ್ಯಾಬ್ ಇದ್ದರೆ 100-110 ಚದರಡಿಗೆ ಒಂದು ಟನ್. ಇದು ನಮ್ಮ ಭಾಗದಲ್ಲಿ ನಾನು ಹಿಡಿಯುವ ಅಂದಾಜು. ಅಂದಾಜು ಮಾತುಕತೆ ಶುರು ಮಾಡಲಿಕ್ಕೆ ಮಾತ್ರ. ಮಷೀನ್ ಕೊಳ್ಳುವ ಮೊದಲು ಕಿಟಕಿಯ ಗಾಜು, ಗೋಡೆಯ ದಿಕ್ಕು, ಜನ, ದೀಪ ಎಲ್ಲ ಸೇರಿಸಿ ಹೀಟ್ ಲೋಡ್, ಅಂದರೆ ಮಷೀನ್ ತೆಗೆಯಬೇಕಾದ ಒಟ್ಟು ಬಿಸಿಯ ಲೆಕ್ಕ ಮಾಡಿಸಿ, ಆ ಹಾಳೆಯನ್ನು ಕೈಗೆ ತೆಗೆದುಕೊಳ್ಳಿ. ಸ್ಲ್ಯಾಬಿನ ಮೇಲೆ ಬಿಳಿ ಹೆಂಚೋ ಬಿಳಿ ಬಣ್ಣವೋ ಹಾಕಿಸಿದರೆ ಲೋಡ್ ಇಳಿಯುತ್ತದೆ. ಮಷೀನ್ ದೊಡ್ಡದು ತರುವ ಮೊದಲು ಆ ಖರ್ಚು ಮಾಡಿ.

ನಮ್ಮ ಮೂರು ರೂಮಿಗೆ ಲೆಕ್ಕ 3 ಟನ್ನಿಗೆ ಬಂತು ಅನ್ನೋಣ. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು ಶಾಖ ಹೊರಹಾಕುವ ಶಕ್ತಿ, ಅದಕ್ಕೆ ನಿಮಿಷಕ್ಕೆ 400 ಘನ ಅಡಿ ಗಾಳಿ, ನಮ್ಮ ಕೆಲಸದ ಭಾಷೆಯಲ್ಲಿ 400 ಸಿಎಫ್‌ಎಂ. ಒಟ್ಟು 1,200. ದೊಡ್ಡ ರೂಮಿಗೆ 500, ಉಳಿದೆರಡಕ್ಕೆ 350-350. ಮಂಗಳೂರು, ಕಾರವಾರದ ಕಡೆ ತೇವ ಹಿಂಡಬೇಕಾದ್ದರಿಂದ ಟನ್ನಿಗೆ 350ರ ಹತ್ತಿರ ಇಡುವುದುಂಟು. ಗಾಳಿ ನಿಧಾನವಾಗಿ ಮಷೀನಿನೊಳಗಿನ ತಂಪು ಕೊಳವೆಗಳ ಸುರುಳಿಯನ್ನು, ಅಂದರೆ ಕಾಯಿಲನ್ನು ದಾಟಿದರೆ ಹೆಚ್ಚು ನೀರು ಬಿಡುತ್ತದೆ.

ಮಷೀನಿಗೆ ಜಾಗ, ಡಕ್ಟಿಗೆ ದಾರಿ

ಈ ಹೆಜ್ಜೆಯನ್ನು ಸ್ಲ್ಯಾಬ್ ಹಾಕುವ ಮೊದಲೇ ಮುಗಿಸಬೇಕು. ಮನೆ ಕಟ್ಟಿದ ಮೇಲೆ ಬರುವವರ ಹತ್ತಿರ ನಾನು ಮೊದಲು ಕೇಳುವುದು ಬೀಮಿನ ಲೆಕ್ಕ. 18 ಇಂಚಿನ ಬೀಮ್, 5 ಇಂಚಿನ ಸ್ಲ್ಯಾಬ್ ಅಂದರೆ ಬೀಮ್ ಸ್ಲ್ಯಾಬಿನಿಂದ 13 ಇಂಚು ಕೆಳಗೆ ಇಳಿದಿರುತ್ತದೆ. ಅದರಡಿ 10 ಇಂಚಿನ ಡಕ್ಟ್, ಎರಡೂ ಕಡೆ ಇನ್ಸುಲೇಷನ್, ಸೀಲಿಂಗಿನ ಚೌಕಟ್ಟು. ಹತ್ತು ಅಡಿಯ ರೂಮಿನಲ್ಲಿ ತಲೆಗೆ ಉಳಿಯುವುದು ಎಂಟು ಅಡಿಗಿಂತ ಕಡಿಮೆ. ಬೀಮಿಗೆ ತೂತು ಕೊರೆಯೋಣ ಎಂದು ಯಾರೇ ಹೇಳಿದರೂ ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡದೆ ಒಪ್ಪಬೇಡಿ. ಕಾಂಕ್ರೀಟ್ ಸುರಿಯುವ ಮೊದಲೇ ಎಂಜಿನಿಯರ್ ಹೇಳಿದ ಜಾಗದಲ್ಲಿ ಸ್ಲೀವ್, ಅಂದರೆ ದಾರಿ ಬಿಡುವ ಕೊಳವೆ ಇಟ್ಟರೆ ಆ ತಾಪತ್ರಯವೇ ಇಲ್ಲ.

ಮನೆಗಳಲ್ಲಿ ನನಗೆ ಅತ್ಯಂತ ಒಗ್ಗಿದ ವಿನ್ಯಾಸ ಇದು. ಮಷೀನನ್ನು ಕಾಮನ್ ಬಾತ್‌ರೂಮಿನ ಮೇಲೆ ತೂಗುಹಾಕುವುದು, ಡಕ್ಟನ್ನು ಬೆಡ್‌ರೂಮುಗಳ ನಡುವಿನ ಪ್ಯಾಸೇಜಿನ ಮೇಲೆ ಓಡಿಸುವುದು, ರೂಮಿನ ಬಾಗಿಲ ಮೇಲಿನ ಗೋಡೆಯಿಂದ ಗ್ರಿಲ್ ಮೂಲಕ ಗಾಳಿ ಒಳಗೆ ಎಸೆಯುವುದು. ಬಾತ್‌ರೂಮ್, ಪ್ಯಾಸೇಜುಗಳಲ್ಲಿ ಸೀಲಿಂಗ್ ಏಳೂವರೆ-ಎಂಟು ಅಡಿಗೆ ಇಳಿದರೂ ಯಾರಿಗೂ ಇಕ್ಕಟ್ಟಾಗದು, ಬೆಡ್‌ರೂಮಿನ ಎತ್ತರ ಪೂರ್ತಿ ಉಳಿಯುತ್ತದೆ. ಡ್ರೈನ್ ನೀರು ಬಿಡಲು ಜಾಗವೂ ಅಲ್ಲೇ ಇರುತ್ತದೆ.

ಆದರೆ ಒಂದು ಎಚ್ಚರ. ಬಾತ್‌ರೂಮಿನ ಸೀಲಿಂಗ್ ಮೇಲಿನ ಖಾಲಿ ಜಾಗದಿಂದ ಮಷೀನ್ ಗಾಳಿ ಎಳೆಯುವಂತೆ ಬಿಟ್ಟರೆ, ಬಾತ್‌ರೂಮಿನ ವಾಸನೆ ಮೂರೂ ಬೆಡ್‌ರೂಮಿಗೆ ಹಂಚಿಹೋಗುತ್ತದೆ. ಮಷೀನಿನ ಹಿಂಬಾಯಿಗೆ, ರೂಮಿನ ಗಾಳಿಯನ್ನು ವಾಪಸ್ ತರುವ ತಗಡಿನ ರಿಟರ್ನ್ ಡಕ್ಟ್ ಕಟ್ಟಿ, ಪ್ಯಾಸೇಜಿನ ಗ್ರಿಲ್‌ಗೆ ನೇರ ಜೋಡಿಸಲೇಬೇಕು. ಅಡುಗೆಮನೆಯಿಂದ ರಿಟರ್ನ್ ಎಳೆಯುವುದು ಎಂದಿಗೂ ಬೇಡ. ಒಗ್ಗರಣೆಯ ಎಣ್ಣೆ ಕಾಯಿಲಿಗೆ ಅಂಟಿ ದೂಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಡಕ್ಟಿನ ಅಳತೆ

ಲೆಕ್ಕ ಸರಳ. ಸಿಎಫ್‌ಎಂ ಅನ್ನು ಗಾಳಿಯ ವೇಗದಿಂದ ಭಾಗಿಸಿದರೆ ಡಕ್ಟಿನ ಬಾಯಿಯ ಚದರಡಿ ಸಿಗುತ್ತದೆ. ಮನೆಯಲ್ಲಿ ಮುಖ್ಯ ಡಕ್ಟಿಗೆ ನಿಮಿಷಕ್ಕೆ 700-800 ಅಡಿ, ಕವಲುಗಳಿಗೆ 500-600 ಅಡಿ ವೇಗ ಸಾಕು. ಅದಕ್ಕಿಂತ ಜೋರಾದರೆ ರಾತ್ರಿ ಹನ್ನೆರಡಕ್ಕೆ ಗಾಳಿಯ ಸದ್ದು ಕೇಳುತ್ತದೆ.

1,200 ಸಿಎಫ್‌ಎಂ, 800ರ ವೇಗ: ಒಂದೂವರೆ ಚದರಡಿ, ಅಂದರೆ 216 ಚದರ ಇಂಚು. ಎತ್ತರ 10 ಇಂಚಿಗೆ ಸೀಮಿತವಾದ್ದರಿಂದ 22-10ರ ಡಕ್ಟ್, ಅಂದರೆ 22 ಇಂಚು ಅಗಲ, 10 ಇಂಚು ಎತ್ತರ. ದೊಡ್ಡ ರೂಮಿಗೆ 500 ಕವಲೊಡೆದ ಮೇಲೆ ಉಳಿದದ್ದು 700. ಅದಕ್ಕೆ 14-10. ಎರಡನೇ ಕವಲಿನ ನಂತರ 350 ಮಾತ್ರ, 9-10 ಸಾಕು. ದೊಡ್ಡ ರೂಮಿನ ಕವಲು 12-10. ಕೆಲವರು ಮೊದಲಿಂದ ಕೊನೆತನಕ 22-10ನ್ನೇ ಎಳೆದು ಕೆಲಸ ಮುಗಿಸುತ್ತಾರೆ. ಗಾಳಿ ಕಡಿಮೆಯಾದಂತೆ ಡಕ್ಟೂ ಕಿರಿದಾದರೆ ವೇಗ ಒಂದೇ ಹದದಲ್ಲಿರುತ್ತದೆ, ತಗಡೂ ಉಳಿಯುತ್ತದೆ. ಜಾಗ ಇಲ್ಲವೆಂದು 40-5ರಂತೆ ಚಪ್ಪಟೆ ಮಾಡಬೇಡಿ. ಅಗಲ ಎತ್ತರದ ನಾಲ್ಕು ಪಟ್ಟು ದಾಟಿದರೆ ತಗಡಿಗೆ ಉಜ್ಜುವ ಗಾಳಿಯೇ ಹೆಚ್ಚಾಗಿ ಒತ್ತಡ ಸೋರಿಹೋಗುತ್ತದೆ.

ಒತ್ತಡದ ವಿಷಯಕ್ಕೆ ಬಂದರೆ, ಮಷೀನಿನ ಕ್ಯಾಟಲಾಗಿನಲ್ಲಿ ಸ್ಟಾಟಿಕ್ ಪ್ರೆಷರ್ ಎಷ್ಟು ಎಂದು ಬರೆದಿರುತ್ತದೆ. ಅದು ಫ್ಯಾನಿನ ದೂಡುವ ಶಕ್ತಿ. 10 ಮಿಲಿಮೀಟರ್ ನೀರಿನ ಒತ್ತಡ ಎಂದಿದ್ದರೆ ಅದು ನಮ್ಮ ಜೇಬಿನಲ್ಲಿರುವ ದುಡ್ಡು ಅಂದುಕೊಳ್ಳಿ. ರಿಟರ್ನ್ ಗ್ರಿಲ್, ರೂಮಿಗೆ ತಂಪು ಗಾಳಿ ಎಸೆಯುವ ಸಪ್ಲೈ ಗ್ರಿಲ್, ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಮುಚ್ಚಳವಾದ ಡ್ಯಾಂಪರ್ ಒಂದೊಂದೂ ಒಂದು ಮಿಲಿಮೀಟರಿನಷ್ಟು ತಿನ್ನುತ್ತವೆ. ಉಳಿದದ್ದು ಡಕ್ಟಿಗೆ, ತಿರುವುಗಳಿಗೆ. ಒಳಗೆ ರೆಕ್ಕೆಗಳಿಲ್ಲದ ಚೌಕ ತಿರುವು ಹತ್ತಾರು ಅಡಿ ನೇರ ಡಕ್ಟಿನಷ್ಟು ತಿನ್ನುತ್ತದೆ. ದುಂಡಗೆ ಬಾಗಿಸಿದ್ದು, ಇಲ್ಲವೇ ಒಳಗೆ ರೆಕ್ಕೆ ಕೂರಿಸಿದ್ದು ಅದರ ಸಣ್ಣ ಪಾಲು. ಮಷೀನಿನ ಬಾಯಿಂದ ಹೊರಟ ಗಾಳಿಗೆ ಮೊದಲ ತಿರುವಿನ ಮುಂಚೆ ಎರಡಡಿಯಾದರೂ ನೇರ ದಾರಿ ಕೊಡಿ.

ವಾಪಸ್ ಬರುವ ಗಾಳಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾನು ರಿಪೇರಿಗೆ ಹೋದ ಮನೆಗಳಲ್ಲಿ "ಎಸಿ ಇದೆ, ತಂಪಿಲ್ಲ" ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲೇ ಸಿಕ್ಕಿದೆ. ಒಳಗೆ ಎಸೆದಷ್ಟೇ ಗಾಳಿ ಹೊರಗೆ ಬರಬೇಕು. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದರೆ ಒಳಗೆ ಹೋಗುವುದಿಲ್ಲ.

ರಾತ್ರಿ ಬೆಡ್‌ರೂಮಿನ ಬಾಗಿಲು ಹಾಕುತ್ತಾರೆ. 350 ಸಿಎಫ್‌ಎಂ ಒಳಗೆ ಬರುತ್ತಿದೆ. ಹೊರಹೋಗಲು ಇರುವುದು ಬಾಗಿಲಡಿಯ ಸಂದು. 30 ಇಂಚಿನ ಬಾಗಿಲ ಕೆಳಗೆ ಒಂದಿಂಚು ಸಂದಿದ್ದರೂ ಹಿತವಾದ ಒತ್ತಡದಲ್ಲಿ ಅದರಿಂದ ದಾಟುವುದು ಸುಮಾರು 60 ಸಿಎಫ್‌ಎಂ. ಉಳಿದ ಗಾಳಿ ರೂಮನ್ನು ಉಬ್ಬಿಸುತ್ತದೆ, ಕಿಟಕಿಯ ಸಂದಿಯಿಂದ ಬೀದಿಗೆ ಹೋಗುತ್ತದೆ, ಕೊನೆಗೆ ಒಳಬರುವುದೇ ಕಡಿಮೆಯಾಗುತ್ತದೆ. ಅತ್ತ ಗಾಳಿ ಸಿಗದ ಮಷೀನ್ ಹಾಲಿನ ಕಡೆಯ ಬಿಸಿಗಾಳಿಯನ್ನೂ ಬಾಗಿಲ ಸಂದಿಯ ದೂಳನ್ನೂ ಎಳೆಯುತ್ತದೆ. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ರಾತ್ರಿ ಬಾಗಿಲು ಸಿಳ್ಳೆ ಹಾಕುತ್ತದೆ ಎಂದು ಮಲಗುತ್ತಲೇ ಇರಲಿಲ್ಲ. ಬಾಗಿಲು ಒಂದು ಗೇಣು ತೆರೆದೆ, ಸಿಳ್ಳೆ ನಿಂತಿತು. ಗ್ರಿಲ್‌ಗೆ ಕೈ ಹಿಡಿದು ನೋಡಿದೆ, ಗಾಳಿ ಎದ್ದುಕಾಣುವಷ್ಟು ಜೋರಾಗಿತ್ತು. ಆ ಮನೆಗೆ ಬೇಕಾಗಿದ್ದು ಗೋಡೆಯಲ್ಲಿ ಒಂದು ಕಿಂಡಿ, ಅಷ್ಟೇ.

ನಮ್ಮ ಕಡೆಯ ಹಳೇ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ತಿಳಿವಳಿಕೆ ಇತ್ತು. ಬಾಗಿಲಿನಿಂದ ಬಂದ ಗಾಳಿ ಬಿಸಿಯಾಗಿ ಮೇಲೆ ಬೆಳಕಿಂಡಿಯಿಂದ ಹೊರಬೀಳುತ್ತಿತ್ತು. ಬರುವ ದಾರಿ, ಹೋಗುವ ದಾರಿ ಎರಡನ್ನೂ ಕಟ್ಟುವವನೇ ಇಡುತ್ತಿದ್ದ.

ಅಳತೆ ಹೀಗೆ: ಪ್ರತಿ ಎರಡು ಸಿಎಫ್‌ಎಂಗೆ ಒಂದು ಚದರ ಇಂಚು ಗ್ರಿಲ್. 350ಕ್ಕೆ 175 ಚದರ ಇಂಚು, ಅಂದರೆ 18-10ರ ಗ್ರಿಲ್. ದೊಡ್ಡ ರೂಮಿಗೆ 25-10. ಪ್ಯಾಸೇಜಿನ ಮುಖ್ಯ ರಿಟರ್ನ್ ಗ್ರಿಲ್ 600 ಚದರ ಇಂಚು, 30-20. ಇಷ್ಟು ದೊಡ್ಡದಾ ಎಂದು ಇಂಟೀರಿಯರ್‌ನವರು ಹುಬ್ಬೇರಿಸುತ್ತಾರೆ, ಅರ್ಧಕ್ಕೆ ಇಳಿಸಲು ಹೇಳುತ್ತಾರೆ. ಇಳಿಸಬೇಡಿ. ಸಣ್ಣ ರಿಟರ್ನ್ ಗ್ರಿಲ್ ಮೂಗು ಕಟ್ಟಿದ ಹಾಗೆ ಸದ್ದು ಮಾಡುತ್ತದೆ.

ರೂಮಿನಿಂದ ಪ್ಯಾಸೇಜಿಗೆ ಗಾಳಿ ಬರುವ ಗ್ರಿಲ್ಲನ್ನು ಗೋಡೆಯ ಕೆಳಭಾಗದಲ್ಲಿ, ಸಪ್ಲೈ ಇರುವ ಗೋಡೆಯಲ್ಲೇ ಇಡಬಹುದು. ಮೇಲಿಂದ ಎಸೆದ ತಂಪು ಎದುರು ಗೋಡೆ ಮುಟ್ಟಿ, ಇಳಿದು, ನೆಲದ ಮೇಲೆ ವಾಪಸ್ ಬರುತ್ತದೆ. ಎರಡೂ ಕಡೆಯ ಗ್ರಿಲ್ ಎದುರುಬದುರು ಇದ್ದರೆ ರೂಮಿನ ಮಾತು ಪ್ಯಾಸೇಜಿಗೆ ಕೇಳುತ್ತದೆ. ಒಂದನ್ನು ಕೆಳಗೆ, ಇನ್ನೊಂದನ್ನು ಸ್ವಲ್ಪ ಮೇಲೆ ಇಟ್ಟು ನಡುವೆ ಸದ್ದು ಹೀರುವ ಹಾಳೆ ಅಂಟಿಸಿದ ತಗಡಿನ ಡಬ್ಬಿ ಕೂರಿಸಿದರೆ ಮಾತು ಅಲ್ಲೇ ಅಡಗುತ್ತದೆ. ಜಾಗ ಇದ್ದವರು ಪ್ರತಿ ರೂಮಿಗೂ ಬೇರೆ ರಿಟರ್ನ್ ಡಕ್ಟ್ ಎಳೆದರೆ ಇನ್ನೂ ಒಳ್ಳೆಯದು.

ಮುಚ್ಚಿದ ರೂಮಿಗೆ ಹೊರಗಾಳಿಯೂ ಬೇಕು. ರಿಟರ್ನ್ ಡಕ್ಟಿಗೆ ಹೊರಗೋಡೆಯಿಂದ ಆರು ಇಂಚಿನ ಒಂದು ಕೊಳವೆ, ಅದಕ್ಕೆ ಜಾಳಿಗೆ, ಫಿಲ್ಟರ್, ಡ್ಯಾಂಪರ್ ಹಾಕಿಸಿ. ಬೆಳಗ್ಗೆ ಎದ್ದಾಗ ತಲೆ ಭಾರ ಎನ್ನುವುದು ತಪ್ಪುತ್ತದೆ.

ತಗಡು, ಜೋಡಣೆ, ತೂಗು

ಜಿಐ, ಅಂದರೆ ಸತು ಲೇಪಿಸಿದ ಉಕ್ಕಿನ ತಗಡಿನ ಡಕ್ಟೇ ನನ್ನ ಆಯ್ಕೆ. ಈ ಅಳತೆಗೆ 24 ಗೇಜ್, ಅಂದರೆ 0.63 ಮಿಲಿಮೀಟರ್ ದಪ್ಪ. ಭಾರತೀಯ ಮಾನಕ ಐಎಸ್ 655 ಮನೆಗೆ ಬೇಕಾಗುವ ಸಣ್ಣ ಡಕ್ಟಿಗೆ ಹೇಳುವುದೂ ಇದನ್ನೇ. ಸಾಮಾನು ಇಳಿಸಿಕೊಳ್ಳುವಾಗ ಮೈಕ್ರೋಮೀಟರ್ ಹಿಡಿದು ಅಳೆಯಿರಿ, 26 ಗೇಜ್ ಬಂದಿದ್ದರೆ ವಾಪಸ್ ಕಳಿಸಿ. ಅಗಲವಾದ ತಗಡಿನ ಮೇಲೆ ಮೂಲೆಯಿಂದ ಮೂಲೆಗೆ ಗುಣಾಕಾರ ಚಿಹ್ನೆಯಂಥ (×) ಮಡಿಕೆ ಹೊಡೆದಿರಬೇಕು. ಇಲ್ಲದಿದ್ದರೆ ಮಷೀನ್ ಶುರುವಾದಾಗಲೂ ನಿಂತಾಗಲೂ ತಗಡು ಡಬ್ ಎನ್ನುತ್ತದೆ. ಸುರುಳಿ ಫ್ಲೆಕ್ಸಿಬಲ್ ಪೈಪ್ ಅಗ್ಗ, ಆದರೆ ಕೊನೆಯ ನಾಲ್ಕೈದು ಅಡಿಗೆ ಮಾತ್ರ ಬಳಸಿ, ಪೂರ್ತಿ ಎಳೆದು ಕಟ್ಟಿ. ಜಗ್ಗದೆ ಬಿಟ್ಟ ಪೈಪಿನ ಒಳಗೆ ಸುಕ್ಕುಸುಕ್ಕಾಗಿ ಗಾಳಿ ತಡವರಿಸುತ್ತದೆ.

ಸ್ಲ್ಯಾಬಿಗೆ ಆ್ಯಂಕರ್ ಹೊಡೆದು ಥ್ರೆಡ್ ರಾಡ್ ಇಳಿಸಿ, ಆರರಿಂದ ಎಂಟು ಅಡಿಗೊಂದು, ಡಕ್ಟನ್ನು ಹೊರುವ ಕಬ್ಬಿಣದ ಆಂಗಲ್ ಕೊಡಿ, ತಿರುವಿನ ಹತ್ತಿರ ಒಂದು ಹೆಚ್ಚಿಗೆ. ಆಂಗಲ್ ಇನ್ಸುಲೇಷನ್ನಿನ ಹೊರಗೆ ಇರಬೇಕು. ತಗಡಿಗೆ ತಾಗಿದರೆ ಅಲ್ಲೂ ಹನಿ ಕಟ್ಟುತ್ತದೆ. ಮಷೀನಿಗೆ ರಬ್ಬರ್ ಪ್ಯಾಡ್, ಮಷೀನಿಗೂ ಡಕ್ಟಿಗೂ ನಡುವೆ ಕ್ಯಾನ್ವಾಸ್ ಜೋಡಣೆ. ನಡುಕ ತಗಡಿಗೆ ಹತ್ತದಿರಲಿ. ಪ್ರತಿ ಕವಲಿಗೂ ಒಂದು ಡ್ಯಾಂಪರ್, ಕೈಗೆ ಸಿಗುವ ಜಾಗದಲ್ಲಿ.

ಸಂದುಗಳಿಗೆ ಸೀಲೆಂಟ್ ಹಚ್ಚಿ, ಒಣಗಿದ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿ. ಬಟ್ಟೆಯ ಡಕ್ಟ್ ಟೇಪ್ ಹೆಸರಿಗೆ ಡಕ್ಟಿನದು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ 1998ರಲ್ಲಿ ಹಲವು ಬಗೆಯ ಸೀಲುಗಳನ್ನು ಬಿಸಿ-ತಂಪಿಗೆ ಒಡ್ಡಿ ಪರೀಕ್ಷಿಸಿದಾಗ ಬಾಳದೆ ಬಿಟ್ಟುಕೊಂಡದ್ದು ಅದೇ. ಸಾಮಾನ್ಯ ಮನೆಯ ಡಕ್ಟುಗಳಿಂದ ಶೇ. 20ರಿಂದ 30ರಷ್ಟು ಗಾಳಿ ಸೋರಿಹೋಗುತ್ತದೆ ಎಂಬುದು ಅಲ್ಲಿನ ಎನರ್ಜಿ ಸ್ಟಾರ್ ಯೋಜನೆಯ ಅಂದಾಜು. ಮೂರು ಟನ್ನಿಗೆ ದುಡ್ಡು ಕೊಟ್ಟು ಮುಕ್ಕಾಲು ಟನ್ನಿನ ತಂಪನ್ನು ಸೀಲಿಂಗ್ ಮೇಲಿನ ಕತ್ತಲೆಗೆ ಸುರಿದಂತೆ.

ಮೊದಲು ಪರೀಕ್ಷೆ, ಆಮೇಲೆ ಇನ್ಸುಲೇಷನ್

ಈ ಕ್ರಮ ಅದಲುಬದಲಾಗಬಾರದು. ರಾತ್ರಿ ಹೊತ್ತು ಡಕ್ಟಿನೊಳಗೆ ಪ್ರಖರ ಬಲ್ಬ್ ಎಳೆದುಕೊಂಡು ಹೋಗಿ, ಹೊರಗಿನ ದೀಪ ಆರಿಸಿ. ಬೆಳಕು ಇಣುಕಿದಲ್ಲಿ ಗಾಳಿಯೂ ಇಣುಕುತ್ತದೆ. ಆಮೇಲೆ ಫ್ಯಾನ್ ಹಾಕಿ, ಪ್ರತಿ ಸಂದಿನ ಪಕ್ಕ ಊದುಬತ್ತಿ ಹಿಡಿಯಿರಿ. ಹೊಗೆ ನೆಟ್ಟಗೆ ಏಳಬೇಕು. ಅಲ್ಲಾಡಿದ ಕಡೆ ಚಾಕ್‌ಪೀಸಿನಿಂದ ಗುರುತು ಮಾಡಿ ಮತ್ತೆ ಸೀಲೆಂಟ್ ಹಚ್ಚಿ.

ಅದಾದ ಮೇಲೆ 19 ಮಿಲಿಮೀಟರಿನ ನೈಟ್ರೈಲ್ ರಬ್ಬರ್ ಹಾಳೆ. ತಗಡನ್ನು ಒರೆಸಿ, ಎರಡೂ ಕಡೆ ಅಂಟು ಬಳಿದು, ಅಂಟು ತುಸು ಆರಿದ ಮೇಲೆ ಒತ್ತಬೇಕು. ಎಳೆದು ಅಂಟಿಸಿದರೆ ಮುಂದೆ ಹಾಳೆ ಕುಗ್ಗಿ ಸಂದು ಬಾಯಿ ಬಿಡುತ್ತದೆ. ತಾರಸಿಯ ಮೇಲೆ ಓಡುವ ಡಕ್ಟಿಗೆ 25 ಮಿಲಿಮೀಟರ್, ಮೇಲೆ ತಗಡಿನ ಹೊದಿಕೆ. ರಿಟರ್ನ್ ಡಕ್ಟಿಗೂ ಬಿಡದೆ ಸುತ್ತಿ. ಕಾಲರ್, ಡ್ಯಾಂಪರಿನ ಹಿಡಿ, ಗ್ರಿಲ್ಲಿನ ಹಿಂಭಾಗ, ಮೂಲೆಯ ಫ್ಲೇಂಜ್ (ಎರಡು ತುಂಡು ಜೋಡಿಸುವ ಅಂಚು) ಈ ನಾಲ್ಕನ್ನು ಬೆರಳಿಟ್ಟು ಮುಟ್ಟಿ ನೋಡಿ. ಕೈಗೆ ಬರೀ ತಗಡು ಸಿಕ್ಕರೆ ಜುಲೈನಲ್ಲಿ ನೀರು ಸಿಗುತ್ತದೆ.

ಡ್ರೈನ್ ಪೈಪಿಗೆ ನೂರಕ್ಕೆ ಒಂದರಂತೆ ಇಳಿಜಾರು, ನೀರು ನಿಂತು ವಾಸನೆ ತಡೆಯುವ ಬಾಗಿದ ಪೈಪಾದ ಒಂದು ಯು-ಟ್ರ್ಯಾಪ್, ಅದಕ್ಕೂ ಇನ್ಸುಲೇಷನ್. ಟ್ರೇಗೆ ಒಂದು ತಂಬಿಗೆ ನೀರು ಸುರಿದು ಎಲ್ಲ ಹೊರಗೆ ಬಂತೇ ನೋಡಿ. ಚರಂಡಿ ಪೈಪಿಗೆ ನೇರ ಜೋಡಿಸಬೇಡಿ, ಟ್ರ್ಯಾಪ್ ಒಣಗಿದ ದಿನ ದುರ್ನಾತ ಬರುತ್ತದೆ.

ಬಿಸಿಗಾಳಿಯೂ ಬೇಕೆನ್ನುವವರಿಗೆ

ಮಡಿಕೇರಿ, ಬೀದರ್ ಕಡೆಯವರು ಚಳಿಗಾಲಕ್ಕೆಂದು ಬಿಸಿ-ತಂಪು ಎರಡೂ ಕೊಡುವ ಹೀಟ್ ಪಂಪ್ ಮಾದರಿ ಕೇಳುತ್ತಾರೆ. ಡಕ್ಟ್ ಅದೇ, ಗ್ರಿಲ್ಲಿನ ನಡತೆ ಬೇರೆ. ತಂಪು ಗಾಳಿ ತಾನಾಗಿ ಇಳಿಯುತ್ತದೆ, ಬಿಸಿ ಗಾಳಿ ಸೀಲಿಂಗಿಗೇ ಅಂಟಿಕೊಳ್ಳುತ್ತದೆ. ಅಮೆರಿಕದ ಚಳಿ ಊರುಗಳಲ್ಲಿ ಮಕ್ಕಳ ಮನೆಗೆ ಹೋಗಿಬಂದವರು ಕಿಟಕಿಯ ಕೆಳಗೆ ನೆಲದಲ್ಲಿ ಜಾಳಿಗೆ ನೋಡಿರುತ್ತಾರೆ. ನೆಲಮಾಳಿಗೆಯ ಫರ್ನೇಸಿನಿಂದ ಬಂದ ಬಿಸಿಗಾಳಿ ತಣ್ಣನೆಯ ಗಾಜಿನ ಎದುರೇ ಏಳಲಿ ಎಂದು ಹಾಗೆ. ನಮಗೆ ವರ್ಷದ ಹೆಚ್ಚು ದಿನ ಬೇಕಾದದ್ದು ತಂಪು, ಆದ್ದರಿಂದ ಸಪ್ಲೈ ಮೇಲೆಯೇ ಇರಲಿ, ರಿಟರ್ನ್ ಮಾತ್ರ ನೆಲದ ಹತ್ತಿರ ಇರಲಿ. ಚಳಿಗಾಲದಲ್ಲಿ ಗ್ರಿಲ್ಲಿನ ಅಡ್ಡ ಪಟ್ಟಿಗಳನ್ನು ಕೆಳಮುಖ ಮಾಡಿ, ಬೇಸಿಗೆಯಲ್ಲಿ ತುಸು ಮೇಲ್ಮುಖ. ಬೇಸಿಗೆಯ ಗಾಳಿ ಸೀಲಿಂಗ್ ಸವರುತ್ತಾ ಎದುರು ಗೋಡೆ ತಲುಪುತ್ತದೆ, ಮಲಗಿದವರ ಎದೆಯ ಮೇಲೆ ನೇರ ಬೀಳದು.

ಗಾಳಿ ಹಂಚುವುದು

350 ಸಿಎಫ್‌ಎಂಗೆ 24-6, 500ಕ್ಕೆ 24-8ರ ಗ್ರಿಲ್ ಸಾಕು. ಎಲ್ಲ ಡ್ಯಾಂಪರ್ ಪೂರ್ತಿ ತೆರೆದು, ಬಾಗಿಲುಗಳನ್ನು ಮುಚ್ಚಿ, ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಹಿಡಿದು ಪ್ರತಿ ಗ್ರಿಲ್‌ನಲ್ಲಿ ಏಳೆಂಟು ಕಡೆ ವೇಗ ಅಳೆದು ಸರಾಸರಿ ತೆಗೆಯಿರಿ. ಮಷೀನಿಗೆ ಹತ್ತಿರದ ರೂಮಿಗೆ ಹೆಚ್ಚು ಬಂದಿರುತ್ತದೆ. ಅದರ ಡ್ಯಾಂಪರನ್ನು ಸ್ವಲ್ಪ ಸ್ವಲ್ಪ ಮುಚ್ಚಿ, ಕೊನೆಯ ರೂಮಿನದ್ದು ತೆರೆದೇ ಇರಲಿ. ಎರಡು ಮೂರು ಸುತ್ತು ಬೇಕಾಗುತ್ತದೆ, ಅರ್ಧ ದಿನ ಹಿಡಿಯುತ್ತದೆ. ಈ ಅರ್ಧ ದಿನಕ್ಕೆ ಕೂಲಿ ಕೊಡಲು ಹಿಂಜರಿಯಬೇಡಿ. ರಿಟರ್ನಿಗೂ ಸಪ್ಲೈಗೂ 8ರಿಂದ 12 ಡಿಗ್ರಿ ವ್ಯತ್ಯಾಸ ಕಾಣಬೇಕು. 15 ದಾಟಿದರೆ ಗಾಳಿ ಎಲ್ಲೋ ಕಟ್ಟಿದೆ ಎಂದು ತಿಳಿಯಿರಿ.

ಮಷೀನಿನ ಕೆಳಗೆ ಎರಡಡಿ ಚೌಕದ ಬಾಗಿಲು ಬಿಡಿಸಿ. ಎರೆ ಹೊಲದ ದೂಳು, ಫರಸಿ ಕೊಯ್ಯುವ ದೂಳು ಎರಡೂ ಇರುವ ನಮ್ಮ ಜಿಲ್ಲೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಬೇಕು. ಏಣಿ ಹತ್ತಿ ನಾಲ್ಕು ಸ್ಕ್ರೂ ಬಿಚ್ಚುವ ಹಾಗಿದ್ದರೆ ಯಾರೂ ತೊಳೆಯುವುದಿಲ್ಲ, ಕೀಲು ಹಾಕಿದ ಬಾಗಿಲಿರಲಿ. ಕೊನೆಯ ಅಳತೆಗಳು, ಪ್ರತಿ ಡ್ಯಾಂಪರ್ ನಿಂತ ಗುರುತು, ಡಕ್ಟಿನ ನಕ್ಷೆ ಮೂರನ್ನೂ ಒಂದು ಹಾಳೆಯಲ್ಲಿ ಬರೆದು, ಲ್ಯಾಮಿನೇಷನ್ ಮಾಡಿಸಿ, ಆ ಬಾಗಿಲಿನ ಒಳಮೈಗೆ ಅಂಟಿಸಿಬಿಡಿ. ಐದು ವರ್ಷದ ನಂತರ ರಿಪೇರಿಗೆ ಬರುವ ಹುಡುಗ ಸೀಲಿಂಗ್ ಒಡೆಯುವ ಮೊದಲು ಅದನ್ನು ಓದುತ್ತಾನೆ.